ಬೋರ್ಡಿನ ಮೇಲೆ ಹೆಸರು ಬರೆಯುವ ಮುನ್ನ

ಹೋದ ವಾರ ನನ್ನ ಮೇಲೆ ಒಂದು ಕೇಸು ದಾಖಲಾಯಿತು.

ಗಾಬರಿಯಾಗಬೇಡಿ. ಪೊಲೀಸ್ ಸ್ಟೇಷನ್ನಿನಲ್ಲಲ್ಲ, ಒಂಬತ್ತನೇ ಕ್ಲಾಸಿನಲ್ಲಿ. ದೂರು ಕೊಟ್ಟವಳು ನನ್ನದೇ ವಿದ್ಯಾರ್ಥಿನಿ ನಗೀನಾ. ನೋಟ್‌ಬುಕ್ಕಿನ ಮಧ್ಯದ ಹಾಳೆ ಕಿತ್ತು, ಎಡಗಡೆ ಮಾರ್ಜಿನ್ ಬಿಟ್ಟು, "ಮಾನ್ಯರೇ" ಅಂತ ಶುರುಮಾಡಿ, "ತಮ್ಮ ವಿಧೇಯ ವಿದ್ಯಾರ್ಥಿನಿ" ಅಂತ ಮುಗಿಸಿದ್ದಳು. (ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆಯನ್ನೇ ಬಿಟ್ಟು ಬರುವ ಹುಡುಗಿ ಇವಳು. ನನ್ನ ಮೇಲಿನ ದೂರಿನಲ್ಲಿ ಮಾತ್ರ ದಿನಾಂಕ, ಸ್ಥಳ, ವಿಷಯ ಎಲ್ಲವೂ ಇದ್ದವು!)

ತಪ್ಪು ನನ್ನದೇ. ನಾನೇ ಕಲಿಸಿದ್ದು.

ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಶ್ರೀನಿವಾಸಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಕೋಲಾರದಿಂದ ದಿನಾ ಬಸ್ಸು. ಆ ಸೋಮವಾರ 'ಅಧಿಕಾರ ಪ್ರತ್ಯೇಕತೆ' ಪಾಠ ಮಾಡಿದ್ದೆ. ಕಾನೂನು ಮಾಡುವವರು, ಜಾರಿಗೆ ತರುವವರು, ನ್ಯಾಯ ಹೇಳುವವರು ಬೇರೆ ಬೇರೆಯಾಗಿರಬೇಕು, ಮೂರೂ ಒಬ್ಬರ ಕೈಗೆ ಸಿಕ್ಕರೆ ಜನರಿಗೆ ಉಳಿಗಾಲವಿಲ್ಲ ಎಂದು ಸುಮಾರು ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸಿನ ಒಬ್ಬ ಮಹಾನುಭಾವ ಹೇಳಿದ್ದ. ಮಕ್ಕಳು ಇದನ್ನು ಉರುಹೊಡೆದು, ಪರೀಕ್ಷೆಯಲ್ಲಿ ಕಕ್ಕಿ, ಮರೆತುಬಿಡುತ್ತಾರೆ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಅದಕ್ಕೇ ಪ್ರತಿ ಪಾಠದ ಕೊನೆಗೂ ಒಂದು ಪ್ರಶ್ನೆ ಹಾಕುತ್ತೇನೆ: "ಇದು ಇವತ್ತು ನಿಮ್ಮೂರಲ್ಲಿ ಎಲ್ಲಿದೆ? ನಾಳೆ ನೋಡಿಕೊಂಡು ಬನ್ನಿ."

ಮಂಗಳವಾರ ಉತ್ತರಗಳು ಬಂದವು. ಒಬ್ಬ ಕ್ರಿಕೆಟ್ ತಂದ: "ಬ್ಯಾಟಿಂಗ್ ಟೀಮಿನವ್ರೇ ಅಂಪೈರ್ ಆಗ್ತಾರೆ ಮಿಸ್, ಔಟೇ ಕೊಡಲ್ಲ." ಕ್ಲಾಸೆಲ್ಲ ನಕ್ಕಿತು. ನಾನೂ ಬೀಗಿದೆ. ಎಂಥಾ ಟೀಚರ್ ಕಣೇ ನೀನು, ಅಂತ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಆಗ ಕೊನೇ ಬೆಂಚಿನಿಂದ ನಗೀನಾ ಎದ್ದಳು. ಅವಳಪ್ಪ ಮಾವಿನ ಮಂಡಿಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಾರೆ. ಮಗಳು ಮಾತಿನ ಮಲ್ಲಿ.

"ಮಿಸ್, ಎಕ್ಸಾಂಪಲ್ ನಮ್ ಕ್ಲಾಸಲ್ಲೇ ಐತೆ," ಅಂದು ಬೋರ್ಡಿನ ಬಲಮೂಲೆ ತೋರಿಸಿದಳು.

ಅಲ್ಲಿ 'ಮಾತಾಡಿದವರು' ಎಂಬ ತಲೆಬರಹದ ಕೆಳಗೆ ನಾಲ್ಕು ಹೆಸರುಗಳಿದ್ದವು. ನಿಮ್ಮ ಸ್ಕೂಲಿನಲ್ಲೂ ಇತ್ತಲ್ಲವೇ? ಟೀಚರ್ ಇಲ್ಲದಾಗ ಮಾನಿಟರ್ ಸೀಮೆಸುಣ್ಣ ಹಿಡಿದು ನಿಲ್ಲುತ್ತಾಳೆ. ಯಾರು ಪಿಟಕ್ಕೆಂದರೂ ಹೆಸರು ಬೋರ್ಡಿಗೆ. ನಾವು ಬಂದು ಶಿಕ್ಷೆ ಕೊಡುತ್ತೇವೆ. ನಮ್ಮ ಮಾನಿಟರ್ ಲಾವಣ್ಯ. ಓದಿನಲ್ಲಿ ಫಸ್ಟ್, ಶಿಸ್ತಿನಲ್ಲಿ ಫಸ್ಟ್, ನನ್ನ ಅಚ್ಚುಮೆಚ್ಚಿನವಳು. (ನಾನೂ ಮಾಲೂರಿನಲ್ಲಿ ಓದುವಾಗ ಮೂರು ವರ್ಷ ಮಾನಿಟರ್ ಆಗಿದ್ದವಳು. ಸೀಬೆಹಣ್ಣು ಕೊಡದವರ ಹೆಸರನ್ನೂ ಬರೆದಿದ್ದೇನೆ. ಈಗ ಒಪ್ಪಿಕೊಳ್ಳುತ್ತೇನೆ.)

"ಮಾತಾಡ್ಬಾರ್ದು ಅಂತ ರೂಲ್ ಮಾಡಿದ್ದು ನೀವು. ಲಾವಣ್ಯನ್ನ ಪೊಲೀಸ್ ಮಾಡಿದ್ದೂ ನೀವು. ಶಿಕ್ಷೆ ಕೊಡೋದೂ ನೀವೇ. ನಮ್ಮನ್ನ ಕೇಳೋರು ಯಾರು ಮಿಸ್?"

ನಾನು ಏನು ಮಾಡಿದೆ ಗೊತ್ತೇ? "ಬಾಯ್ಮುಚ್ಕೊಂಡು ಕೂತ್ಕೋ" ಅಂದೆ. ಅಧಿಕಾರ ಪ್ರತ್ಯೇಕತೆಯ ಪಾಠ ಮಾಡಿ ಇನ್ನೂ ಒಂದು ದಿನ ಆಗಿರಲಿಲ್ಲ.

ನಗೀನಾಳ ಸಿಟ್ಟಿಗೆ ಕಾರಣವಿತ್ತು. ಶನಿವಾರ ಕೋಲಾರದಲ್ಲಿ ಹೈಸ್ಕೂಲು ಮಕ್ಕಳ ಚರ್ಚಾ ಸ್ಪರ್ಧೆ. ನಮ್ಮ ಶಾಲೆಯಿಂದ ಅವಳೇ ಹೋಗಬೇಕಿತ್ತು. ಆದರೆ ಬೋರ್ಡಿನಲ್ಲಿ ಮೂರು ಸಲ ಹೆಸರು ಬಂದವರನ್ನು ಯಾವ ಸ್ಪರ್ಧೆಗೂ ಕಳಿಸುವುದಿಲ್ಲ ಎಂದು ನಾನು ರೂಲ್ ಮಾಡಿದ್ದೆ. ಅವಳ ಹೆಸರು ಮೂರನೇ ಸಲ ಬಂದಿತ್ತು. ನಾನು ಅವಳನ್ನು ಒಂದು ಮಾತೂ ಕೇಳದೆ ಪಟ್ಟಿಯಿಂದ ತೆಗೆದಿದ್ದೆ. ಮಧ್ಯಾಹ್ನದ ಹೊತ್ತಿಗೆ ದೂರು ನನ್ನ ಟೇಬಲ್ಲಿಗೆ ಬಂತು. ಬೇಡಿಕೆಗಳು ಎರಡೇ: ನನ್ನ ಮಾತು ಕೇಳಿ. ಕೇಳುವವರು ನೀವಾಗಿರಬಾರದು.

ರಾತ್ರಿಯೆಲ್ಲ ಸಿಟ್ಟಿತ್ತು. ಬೆಳಗಿನ ಬಸ್ಸಿನಲ್ಲಿ ಅದು ನಾಚಿಕೆಯಾಯಿತು.

"ಸರಿ, ನ್ಯಾಯಾಧೀಶರು ಯಾರು?" ಅಂತ ಬುಧವಾರ ಕ್ಲಾಸಿನಲ್ಲಿ ಕೇಳಿದೆ. ಹೆಡ್‌ಮಾಸ್ಟರ್ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. ಮಕ್ಕಳು ಆರಿಸಿದ್ದು ಬಿಸಿಯೂಟದ ನಾರಾಯಣಮ್ಮನನ್ನು! ಯಾಕೆ ಅಂದರೆ, "ಆಯಮ್ಮ ಮಾರ್ಕ್ಸ್ ಕೊಡಲ್ಲ ಮಿಸ್. ಎಲ್ರಿಗೂ ಒಂದೇ ಸೌಟಲ್ಲಿ ಬಡಿಸ್ತಾರೆ."

ಊಟವಾದ ಮೇಲೆ ಜಗಲಿಯಲ್ಲಿ ಕೋರ್ಟು ಸೇರಿತು. ನಾರಾಯಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತರು. "ಚೆಪ್ಪು ಲಾವಣ್ಯಾ, ಹೇಳಮ್ಮ. ಈ ಮಗು ಮಾತಾಡಿದ್ದು ನೀನ್ ಕಣ್ಣಾರೆ ಕಂಡ್ಯಾ?"

ಲಾವಣ್ಯ ಉಗುರು ಕಚ್ಚಿದಳು. "ಒಂದ್ ದಿನ ನೋಡ್ದೆ ಆಂಟಿ. ಇನ್ನೊಂದ್ ದಿನ ಆ ಕಡೆಯಿಂದ ಸೌಂಡ್ ಬಂತು. ಇವಳೇ ಇರ್ಬೇಕು ಅಂತ ಬರ್ದೆ. ಯಾವಾಗ್ಲೂ ಇವಳೇ ಅಲ್ವಾ ಮಾತಾಡೋದು?"

"ಮೂರನೇ ದಿನ?"

"ಮೂರನೇ ದಿನ ಭಾಷಣ ಪ್ರಾಕ್ಟೀಸ್ ಮಾಡ್ತಿದ್ದೆ ಆಂಟಿ," ಅಂದಳು ನಗೀನಾ. "ಬಿಡುವು ಸಿಕ್ಕಾಗ್ಲೆಲ್ಲ ಪ್ರಾಕ್ಟೀಸ್ ಮಾಡು ಅಂತ ಮಿಸ್ಸೇ ಹೇಳಿದ್ರು."

ನಾರಾಯಣಮ್ಮ ನನ್ನ ಕಡೆ ತಿರುಗಿದರು. "ಮಿಸ್ಸಮ್ಮಾ, ನೀವು ಒಂದ್ ಸಲನಾದ್ರೂ ಆ ಮಗೀನ ಕೇಳಿದ್ರಾ?"

ಇಲ್ಲ ಅಂದೆ. ಇಡೀ ಕ್ಲಾಸಿನ ಎದುರಿಗೆ ಹಾಗನ್ನುವುದು ಸುಲಭವಲ್ಲ ಸ್ವಾಮಿ.

ತೀರ್ಪು ಹೀಗೆ ಬಂತು: ಒಂದು ದಿನದ ತಪ್ಪು ಒಂದು ದಿನಕ್ಕೆ. ಹುಡುಗಿ ಕೋಲಾರಕ್ಕೆ ಹೋಗಲಿ. ಇನ್ನು ಮುಂದೆ ಹೆಸರು ಬರೆದರೆ, ಬರೆಸಿಕೊಂಡವರನ್ನು ಮೊದಲು ಕೇಳಬೇಕು. ಇಷ್ಟು ಹೇಳಿ ನ್ಯಾಯಾಧೀಶರು ಪಾತ್ರೆ ತೊಳೆಯಲು ಎದ್ದರು. ಲಾವಣ್ಯ ಮಾತ್ರ ತಲೆ ತಗ್ಗಿಸಿಕೊಂಡು ಹೋದಳು. ಆ ಹುಡುಗಿಗೆ ನೋವಾಯಿತಲ್ಲ ಎಂದು ನನಗೂ ಕಸಿವಿಸಿ.

ಶನಿವಾರ ನಗೀನಾ ಕೋಲಾರದಲ್ಲಿ ಮಾತಾಡಿದಳು. ಬಹುಮಾನ ಬರಲಿಲ್ಲ. (ಟೈಮ್ ಮುಗಿದು ಬೆಲ್ ಹೊಡೆದರೂ ನಿಲ್ಲಿಸಲಿಲ್ಲ ಮಹಾರಾಯ್ತಿ!) ಸಂಜೆ ಅವಳನ್ನು ಮನೆಗೆ ಬಿಡಲು ಬಸ್ಸು ಹತ್ತಿದ್ದೆ. ಅಷ್ಟರಲ್ಲಿ ಫೋನು. ಲಾವಣ್ಯಳ ಅಮ್ಮ.

"ಏನ್ ಹೇಳ್ಕೊಡ್ತಿದ್ದೀರ ಮಿಸ್ ನಮ್ ಹುಡ್ಗೀಗೆ?"

ಆಗಿದ್ದಿಷ್ಟು. ಅವರೂರಿಗೆ ಕೂದಲು ತಗೊಂಡು ಪಾತ್ರೆ ಕೊಡುವ ವ್ಯಾಪಾರಿಯೊಬ್ಬ ಬಂದಿದ್ದಾನೆ. ಹೊಸ ಮುಖ. ಯಾರೋ ಅವನ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ: 'ಮಕ್ಕಳ ಕಳ್ಳ, ಹುಷಾರ್.' ಹತ್ತೇ ನಿಮಿಷದಲ್ಲಿ ಹಾಲಿನ ಡೈರಿ ಮುಂದೆ ಅವನನ್ನು ಹಿಡಿದು ಕೂರಿಸಿದ್ದಾರೆ. 'ಬನ್ನಿ, ಬುದ್ಧಿ ಕಲಿಸೋಣ' ಅಂತ ಮೆಸೇಜುಗಳು ಶುರುವಾಗಿವೆ. ಇಂಥ ಮೆಸೇಜು ನಂಬಿ ಅಮಾಯಕರನ್ನು ಹೊಡೆದು ಕೊಂದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ, ಅಲ್ಲವೇ?

ಲಾವಣ್ಯ ಅಪ್ಪನ ಫೋನು ಕಿತ್ತುಕೊಂಡು ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಅಮ್ಮ ಅದನ್ನು ನನಗೂ ಫಾರ್ವರ್ಡ್ ಮಾಡಿದ್ದರು. ನಾನು, ನಗೀನಾ ಒಂದೇ ಫೋನಿಗೆ ಕಿವಿಯಿಟ್ಟು ಕೇಳಿದೆವು. ಹುಡುಗಿಯ ದನಿ ನಡುಗುತ್ತಿತ್ತು.

"ಅಣ್ಣಾ, ಕಳ್ಳ ಅಂದಿದ್ದೂ ನೀವೇ, ಹಿಡಿದಿದ್ದೂ ನೀವೇ, ಹೊಡೀತೀವಿ ಅಂತಿರೋದೂ ನೀವೇ. ಆಯಪ್ಪನ್ನ ಯಾರಾದ್ರೂ ಕೇಳಿದ್ರಾ? ನಾನೂ ಹಿಂಗೇ ನೋಡ್ದಲೇ ಒಬ್ರ ಹೆಸರು ಬರ್ದಿದ್ದೆ. ತಪ್ಪಾಗಿತ್ತು. ಪೊಲೀಸ್‌ಗೆ ಫೋನ್ ಮಾಡಿ ಅಣ್ಣಾ, ಕೈ ಮಾತ್ರ ಮಾಡ್ಬೇಡಿ."

ಯಾರೋ ಹಿರಿಯರು ಸ್ಟೇಷನ್ನಿಗೆ ಫೋನ್ ಮಾಡಿದರಂತೆ. ಪೊಲೀಸರು ಬಂದು ವಿಚಾರಿಸಿದರೆ ಅವನು ಮುಳಬಾಗಿಲು ಕಡೆಯವನು, ವರ್ಷಗಳಿಂದ ಇದೇ ವ್ಯಾಪಾರ. ನೀರು ಕುಡಿಸಿ ಕಳಿಸಿದರಂತೆ.

"ಊರ ಗಂಡಸ್ರಿಗೆಲ್ಲಾ ಎದುರು ಮಾತಾಡ್ಬಿಟ್ಳು ಮಿಸ್. ಅವರಪ್ಪ ಇನ್ನು ತಲೆ ಎತ್ಕೊಂಡು ಓಡಾಡೋದು ಹೆಂಗೆ?" ಅಂದರು ಲಾವಣ್ಯಳ ಅಮ್ಮ.

"ಎತ್ಕೊಂಡೇ ಓಡಾಡ್ಲಿ ಬಿಡ್ರಮ್ಮ. ನಾನಂತೂ ಎತ್ಕೊಂಡೇ ಓಡಾಡ್ತೀನಿ," ಅಂದೆ. ಪಕ್ಕದಲ್ಲಿ ನಗೀನಾ, ಆ ಮೆಸೇಜನ್ನು ಇನ್ನೊಂದು ಸಲ ಹಾಕಿ ಮಿಸ್, ಅನ್ನುತ್ತಿದ್ದಳು.

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹೆಮ್ಮೆ ಪಡಲು ಎಂಥೆಂಥದೋ ರಿಸಲ್ಟುಗಳು ಬಂದಿವೆ. ಹೀಗೆ ಬಸ್ಸಿನಲ್ಲಿ ಕೂತು ಅತ್ತಿದ್ದು ಇದೇ ಮೊದಲು.

ಲಾವಣ್ಯಳಿಗೆ ಹದಿನಾಲ್ಕು ವರ್ಷ. ಆ ಗ್ರೂಪಿನಲ್ಲಿರುವ ಉಳಿದವರಿಗೆಲ್ಲ ವೋಟಿನ ಹಕ್ಕಿದೆ.