ಅಕ್ಕನ ಹಾವಿಗೆ ನಾನು ಉಣಿಸಿದ್ದು

ಅಕ್ಕ ಮೆಲ್ಬರ್ನಿನ ಬಾಕ್ಸ್ ಹಿಲ್ ಸ್ಟೇಶನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳೆಂದು ಫೋನ್ ಬಂದಾಗ ನಾನು ಸಿಡ್ನಿಯಲ್ಲಿ, ನಮ್ಮ ಟೂಂಗಾಬಿಯ ಅಂಗಡಿಯಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಿದ್ದೆ. ಸೊಪ್ಪನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಮರುದಿನದ ಫ್ಲೈಟ್ ಬುಕ್ ಮಾಡಿದೆ. ಭಾವ ತೀರಿಕೊಂಡ ಮೇಲೆ ಅವಳು ಮೆಲ್ಬರ್ನ್‌ನಲ್ಲಿ ಒಬ್ಬಳೇ ಇದ್ದಳು. ಮಕ್ಕಳಿಲ್ಲ. ಸಿಡ್ನಿಗೆ ಬಂದು ನಮ್ಮ ಜೊತೆಗಿರು ಎಂದು ಎಷ್ಟು ಸಲ ಕರೆದರೂ ಅವಳದು ಒಂದೇ ಉತ್ತರ: "ನನಗ ಇಲ್ಲೇ ಛಲೋ ಅದ."

ಅಕ್ಕನ ಮಡಿಯ ಬಗ್ಗೆ ಒಂದು ಮಾತು ಹೇಳಬೇಕು. ಧಾರವಾಡ ಬಿಟ್ಟು ಇಷ್ಟು ವರ್ಷವಾದರೂ ಅವಳ ಅಡುಗೆಮನೆಗೆ ಮೊಟ್ಟೆ ಬಂದಿದ್ದಿಲ್ಲ. ಚಾತುರ್ಮಾಸದಲ್ಲಿ ಈರುಳ್ಳಿಯೂ ಇಲ್ಲ. ಒಮ್ಮೆ ನನ್ನ ಮಗ ಹೊರಗಿನಿಂದ ಚಿಕನ್ ಪೈ ತಂದು ನಮ್ಮ ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡ. ಆಗ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಎದ್ದು ಆ ಮೈಕ್ರೋವೇವನ್ನು ಒಳಗೆ ಹೊರಗೆ ತಿಕ್ಕಿ ಒರೆಸಿದ್ದಳು. ಆಮೇಲೆ ಅವಳು ಇರುವವರೆಗೂ ಹಾಲು ಕಾಯಿಸಿದ್ದು ಒಲೆಯ ಮೇಲೆಯೇ.

ಅಂಥವಳ ಮನೆಯಲ್ಲಿ, ನಾನು ಹೋದ ಎರಡನೆಯ ದಿನ, ಅವಳ ಊದಿದ ಬೆರಳುಗಳಿಗೆ ಐಸ್ ಇಡೋಣವೆಂದು ಹುಡುಕಿದೆ. ಅಡುಗೆಮನೆಯ ಫ್ರೀಜರ್‌ನಲ್ಲಿ ಐಸ್ ಇರಲಿಲ್ಲ. ಬಟ್ಟೆ ಒಗೆಯುವ ಲಾಂಡ್ರಿಯ ಮೂಲೆಯಲ್ಲಿ ಪುಟ್ಟದೊಂದು ಫ್ರಿಜ್ ಕಂಡಿತು. ಅದರ ಮೇಲಿನ ಖಾನೆ ತೆರೆದೆ. ಬಿಗಿಯಾಗಿ ಮುಚ್ಚಿದ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಐಸೇ ಇರಬೇಕೆಂದು ಮುಚ್ಚಳ ತೆಗೆದೆ.

ಇಲಿಗಳು. ಬಿಳಿಯ ಇಲಿಗಳು, ಒಂದೊಂದೂ ಒಂದೊಂದು ಚೀಲದಲ್ಲಿ, ಕಣ್ಣು ಮುಚ್ಚಿ, ಬಾಲ ನೀಟಾಗಿ ಚಾಚಿ ಮಲಗಿದ್ದವು. ಮೈಮೇಲೆ ಹಿಮದ ಪುಡಿ. ಡಬ್ಬಿ ನನ್ನ ಕೈಯಿಂದ ಜಾರಿ ನೆಲದ ಮೇಲೆ ಕಲ್ಲು ಬಿದ್ದಂತೆ ಸದ್ದು ಮಾಡಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ. ಅಕ್ಕ ಓಡಿ ಬಂದಾಗಲೇ ಗೊತ್ತಾದದ್ದು.

"ಯಾಕ ಒದರಿದಿ? ಏನಾತು?"

ನಾನು ಬೆರಳು ತೋರಿಸಿದೆ. ಅಕ್ಕ ನೆಲ ನೋಡಿದಳು, ನನ್ನ ಮುಖ ನೋಡಿದಳು. ಅವಳ ತಲೆ ಕೆಟ್ಟಿದೆ, ಒಂಟಿತನಕ್ಕೆ ಹೀಗಾಗಿದೆ, ಯಾವ ಡಾಕ್ಟರಿಗೆ ತೋರಿಸುವುದು ಎಂದು ಅಷ್ಟರಲ್ಲೇ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಗಿ ಬಂದಿತ್ತು.

"ಅವು ನನಗಲ್ಲ ತಗೋ," ಎಂದಳು ಅಕ್ಕ. "ಬಾ ಇಲ್ಲೆ. ನಾ ಹೇಳೋಳೇ ಇದ್ದೆ."

ಭಾವನ ಓದುವ ಕೋಣೆ ಆಗಿದ್ದ ಜಾಗಕ್ಕೆ ಕರೆದೊಯ್ದಳು. ಬಂದಾಗಿನಿಂದ ಆ ಬಾಗಿಲು ಮುಚ್ಚಿಯೇ ಇತ್ತು. ಸಾಮಾನು ತುಂಬಿದೆ ಎಂದಿದ್ದಳು. ಒಳಗೆ ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ, ಅದಕ್ಕೆ ಬೀಗ, ಒಂದು ಕಡೆ ಬೆಚ್ಚಗಿಡುವ ದೀಪ. ದೀಪದ ಕೆಳಗೆ ಒಣಕೊಂಬೆಗೆ ಸುತ್ತಿಕೊಂಡಿತ್ತು ಹಾವು. ಕಂದು ಮೈಮೇಲೆ ಹಳದಿ ಪಟ್ಟೆ, ನನ್ನ ಮುಂಗೈಯಷ್ಟು ದಪ್ಪ. ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು.

ಈ ಸಲ ಕಿರುಚಲೂ ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಳಿತುಬಿಟ್ಟೆ. ಹಿಂದಿನ ರಾತ್ರಿ ಪಕ್ಕದ ಕೋಣೆಯಲ್ಲಿ, ಒಂದೇ ಗೋಡೆಯ ಆಚೆ, ನಾನು ನಿದ್ದೆ ಮಾಡಿದ್ದೆ.

"ವಿಷ ಇಲ್ಲ. ಹೆಬ್ಬಾವು. ಇಲ್ಲಿ ಮಂದಿ ಕಾರ್ಪೆಟ್ ಪೈಥಾನ್ ಅಂತಾರ," ಎಂದಳು ಅಕ್ಕ. ಬೆಕ್ಕು ತೋರಿಸುವವರ ದನಿಯಲ್ಲಿ. "ಲೈಸೆನ್ಸ್ ಮಾಡಿಸೀನಿ."

"ನಿನಗ ಹುಚ್ಚು ಹಿಡದದೇನು?"

"ಹಿಡದಿಲ್ಲ. ಚಹಾ ಮಾಡು, ಹೇಳ್ತೀನಿ."

ಚಹಾ ಮಾಡಿ ತಂದು ಅವಳೆದುರು ಕೂತೆ. ಅಕ್ಕ ಹೇಳಿದ್ದು ಇಷ್ಟು. ಹಾವು ಕೆಳಮಹಡಿಯ ಫ್ಲ್ಯಾಟಿನ ಮುದುಕಿಯದು. ಗಂಡ ಮಕ್ಕಳಿಲ್ಲದ, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಆಸ್ಟ್ರೇಲಿಯನ್ ಹೆಂಗಸು. ಭಾವ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ಅಕ್ಕನ ಕೂಗು ಕೇಳಿ ಮೊದಲು ಮೇಲೆ ಬಂದವಳು ಅವಳೇ. ಆಂಬುಲೆನ್ಸ್ ಬರುವವರೆಗೂ ಭಾವನ ಎದೆ ಒತ್ತುತ್ತಿದ್ದವಳೂ ಅವಳೇ. ನಾವೆಲ್ಲ ಸಿಡ್ನಿಯಿಂದ ಬಂದು, ಹನ್ನೆರಡು ದಿನದ ಕಾರ್ಯ ಮುಗಿಸಿ ಹೋದ ಮೇಲೆ ಪ್ರತಿ ಸಂಜೆ ಬಂದು ಅಕ್ಕನ ಎದುರು ಸುಮ್ಮನೆ ಕೂರುತ್ತಿದ್ದಳಂತೆ. ಹೋದ ವರ್ಷ ಅವಳಿಗೇ ಪಾರ್ಶ್ವವಾಯು ಆಯಿತು. ಆಸ್ಪತ್ರೆಯಿಂದ ಬರುವವರೆಗೆ ಹಾವನ್ನು ನೋಡಿಕೊಳ್ಳುತ್ತೀಯಾ ಎಂದು ಅಕ್ಕನನ್ನು ಕೇಳಿದಳು. ಬರಲೇ ಇಲ್ಲ. ಆಸ್ಪತ್ರೆಯಿಂದ ನೇರ ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್‌ಗೆ ಹೋದಳು. ಅಲ್ಲಿ ಹಾವಿಗೆ ಜಾಗವಿರಲಿಲ್ಲ.

"ಇಲಿ? ಇಲಿನ ನೀ ಕೈಲೆ ಮುಟ್ಟತೀ?"

"ಕೈಲೆ ಅಲ್ಲ. ಇಕ್ಕಳಲೆ." ಅಕ್ಕ ಲೋಟ ಕೆಳಗಿಟ್ಟಳು. "ಮೊದಲನೇ ಸಲ ಕಣ್ಣು ಮುಚ್ಚಿಕೊಂಡು ಹಾಕೀನಿ. ಆಮ್ಯಾಲ ಬಾತ್‌ರೂಮಿಗೆ ಹೋಗಿ ಅತ್ತೀನಿ, ವಾಂತಿ ಮಾಡೀನಿ. ಪ್ರಾಣಿ ಡಾಕ್ಟರ್ ಹತ್ರ ಹೋಗಿ ಕೇಳಿದೆ, ಬ್ಯಾರೆ ಏನರ ತಿಂತದೇನು ಅಂತ. ಪನೀರು ತಿಂತದೇನು ಅಂತನೂ ಕೇಳೀನಿ. ಆಕಿ ನಗಲಿಲ್ಲ. ಇಲ್ಲ, ಇದು ಬಿಟ್ಟು ಅದಕ್ಕ ಬದುಕೇ ಇಲ್ಲ ಅಂದ್ಲು. ಮತ್ತ ಏನು ಮಾಡಲಿ? ಉಪಾಸ ಕೆಡವಲೇನು?"

ಒಂದು ವರ್ಷದಿಂದ ದಿನವೂ ವಿಡಿಯೋ ಕಾಲ್ ಮಾಡುತ್ತಿದ್ದೇವೆ. ಏನು ಅಡುಗೆ, ಮೊಳಕಾಲು ನೋವು ಹೇಗಿದೆ, ಊರಲ್ಲಿ ಯಾರಿಗೆ ಮಗು. ಹಾವಿನ ಮಾತೇ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹಾವಿಗೆ ಉಣಿಸುವ ದಿನ ಆಗಲೇ ದಾಟಿತ್ತು. ಎರಡು-ಮೂರು ವಾರಕ್ಕೊಮ್ಮೆ ಊಟವಂತೆ ಅದಕ್ಕೆ. ಅಕ್ಕನ ಬಲಗೈ ಪ್ಲಾಸ್ಟರ್‌ನಲ್ಲಿ. ಎಡಗೈಯಲ್ಲಿ ಉದ್ದನೆಯ ಇಕ್ಕಳ ನಿಲ್ಲುವುದಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಬೀದಿಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿದರು. "ಈಗ ಹಾವು ಎಲ್ಲೆ ಅದ?" ಎಂದರು.

"ಪೆಟ್ಟಿಗಿ ಒಳಗ. ಬೀಗ ಅದ."

"ನೀನು ಹೋಟೆಲ್‌ಗೆ ಹೋಗು. ನಾನು ರೂಮ್ ಬುಕ್ ಮಾಡ್ತೀನಿ."

ಹೋಟೆಲ್‌ಗೆ ಹೋಗಲಿಲ್ಲ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದವಳನ್ನು ಬಿಟ್ಟು ಎಲ್ಲಿಗೆ ಹೋಗುವುದು? ಬೀದಿ ಸುತ್ತಿ ಬಂದು, "ಹ್ಯಾಂಗ ಮಾಡಬೇಕು ಹೇಳು," ಎಂದೆ.

ಅಕ್ಕ ಹೋಳಿಗೆ ಮಾಡಲು ಕಲಿಸಿದ ಹಾಗೆಯೇ ಇದನ್ನೂ ಕಲಿಸಿದಳು. ಹಿಂದಿನ ದಿನವೇ ಒಂದು ಇಲಿಯನ್ನು ಪುಟ್ಟ ಫ್ರಿಜ್ಜಿನ ಕೆಳಖಾನೆಗೆ ಇಳಿಸಿ ಕರಗಲು ಬಿಟ್ಟೆವು. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು ಎಂದು ಅವಳು ಕಣ್ಣಳತೆಯಲ್ಲೇ ಆರಿಸಿಕೊಟ್ಟಳು. ಮರುದಿನ ಅದನ್ನು ಚೀಲದ ಸಮೇತ ಬಿಸಿನೀರಿನ ಬಕೆಟ್ಟಿನಲ್ಲಿ ಇಡಬೇಕು. ಕುದಿಯುವ ನೀರಲ್ಲ. ಆ ಬಕೆಟ್ ಬೇರೆ ಯಾವುದಕ್ಕೂ ಬಳಸುವಂತಿಲ್ಲ, ಲಾಂಡ್ರಿ ಬಿಟ್ಟು ಹೊರಗೆ ಬರುವಂತಿಲ್ಲ.

"ಮೈಕ್ರೋವೇವಿನಾಗ ಇಟ್ರ ಬೇಗ ಆಗ್ತಿತ್ತಲ್ಲ," ಎಂದೆ, ಸಿಟ್ಟಿಗೆ.

"ಸಿಡೀತದ," ಎಂದಳು ಅಕ್ಕ. ತಮಾಷೆಯಲ್ಲ ಅದು. "ಹೊಟ್ಟಿ ಒತ್ತಿ ನೋಡು. ನಡುವ ಥಂಡಿ ಉಳದಿದ್ರ ಹಾವಿಗೆ ಜಡ್ಡು."

ಗ್ಲೌಸ್ ಹಾಕಿಕೊಂಡು ಒತ್ತಿ ನೋಡಿದೆ. ಮೆತ್ತಗೆ, ಬೆಚ್ಚಗೆ. ಈಗಷ್ಟೇ ಸತ್ತ ಹಾಗೆ.

"ಜೀವಂತ ಇಲಿ ಹಾಕಬಾರದು," ಅಕ್ಕ ಹೇಳುತ್ತಲೇ ಇದ್ದಳು. "ಅದು ಹಾವಿನ್ನ ಕಡೀತದ. ಇಲಿಗೂ ಹಿಂಸಾ."

ಗಾಜಿನ ಬಾಗಿಲನ್ನು ಅವಳು ಎಡಗೈಯಿಂದ ಸರಿಸಿದಳು. ನಾನು ಇಕ್ಕಳದ ತುದಿಯಲ್ಲಿ ಇಲಿಯನ್ನು ಹಿಡಿದು, ತಲೆ ಮುಂದೆ ಮಾಡಿ, ಕೈ ಆದಷ್ಟು ದೂರವಿಟ್ಟು ಚಾಚಿದೆ. ಹಾವು ಕದಲಲಿಲ್ಲ. ನಾಲಿಗೆ ಮಾತ್ರ ಆಡಿತು. ಇದಕ್ಕೆ ಹಸಿವಿಲ್ಲ ಎಂದು ಹೇಳಲು ಅಕ್ಕನ ಕಡೆ ತಿರುಗಬೇಕೆನ್ನುವಷ್ಟರಲ್ಲಿ ಇಕ್ಕಳಕ್ಕೆ ಯಾರೋ ಹೊಡೆದ ಹಾಗಾಯಿತು. ಅದು ಬಂದದ್ದನ್ನು ನಾನು ನೋಡಲೇ ಇಲ್ಲ. ಕೊಂಬೆಯ ಮೇಲಿದ್ದ ತಲೆ ಇಲಿಯ ಮೇಲಿತ್ತು, ಮೈ ಆಗಲೇ ಸುರುಳಿ ಸುತ್ತಿ ಬಿಗಿಯುತ್ತಿತ್ತು. ಸತ್ತದ್ದನ್ನೇ ಮತ್ತೆ ಕೊಲ್ಲುತ್ತಿತ್ತು. ನನ್ನ ಬಾಯಿ ತೆರೆದೇ ಇತ್ತು.

"ಭೇಷ್," ಎಂದಳು ಅಕ್ಕ. "ಈಗ ಬಾಗಿಲ ಹಾಕು. ಅದಕ್ಕ ಒಬ್ಬಂಟಿ ಉಣ್ಣೂದು ಸೇರ್ತದ."

ನುಂಗಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ದವಡೆ ಬಿಚ್ಚಿಕೊಂಡು, ಒಂದು ಬದಿ ಆಮೇಲೆ ಇನ್ನೊಂದು ಬದಿ ಮುಂದೆ ಸರಿಸುತ್ತಾ, ಕೊನೆಗೆ ಬಾಲವೂ ಒಳಗೆ ಹೋಯಿತು. ನಾನು ಗ್ಲೌಸ್ ತೆಗೆದು ಇಕ್ಕಳ ತೊಳೆಯಲು ಹೊರಟೆ. ಅಕ್ಕ ಬಚ್ಚಲಿಗೆ ಹೋಗಿದ್ದಳು. ಗಾಜಿನೊಳಗೆ ನೀರಿನ ಬಟ್ಟಲು ಮಗುಚಿ ಬಿದ್ದದ್ದು ಕಂಡಿತು. ಹೊಟ್ಟೆ ತುಂಬಿದೆಯಲ್ಲ, ಇನ್ನೇನು ಮಾಡೀತು ಎಂದು ಬಾಗಿಲು ಸರಿಸಿ ಕೈ ಹಾಕಿದೆ.

ನೋವು ಆಮೇಲೆ. ಮೊದಲು ತಿಳಿದದ್ದು ಭಾರ. ನನ್ನ ಎಡಗೈ ಹೆಬ್ಬೆರಳಿನ ಬುಡಕ್ಕೆ ಹಾವಿನ ಬಾಯಿ ಅಂಟಿಕೊಂಡಿತ್ತು. ಅದರ ಮೈ ಮುಂಗೈಗೆ ಸುತ್ತಿ ಬಿಗಿಯುತ್ತಿತ್ತು, ಬೆರಳುಗಳು ಕೆಂಪೇರುತ್ತಿದ್ದವು. ಏನು ಕೂಗಿದೆನೋ ನೆನಪಿಲ್ಲ. ಅಕ್ಕ ಆಮೇಲೆ ಹೇಳಿದಳು, ನಾನು ನಮ್ಮವ್ವನನ್ನು ಕೂಗಿದೆನಂತೆ.

"ಎಳೀಬ್ಯಾಡ! ಎಳೀಬ್ಯಾಡ!" ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. "ಎಳದ್ರ ನಿನ್ನ ಕೈ ಹರೀತದ, ಅದರ ಹಲ್ಲು ಮುರೀತಾವ. ನಿಂತಲ್ಲೇ ನಿಲ್ಲು."

ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಶೀಶೆ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಅದಕ್ಕೇ ಇಟ್ಟದ್ದೆಂದು ಆಗ ತಿಳಿಯಿತು. ಎಡಗೈಯಲ್ಲಿ ಅದನ್ನು ಒತ್ತಿ ಹಾವಿನ ಬಾಯಿಯ ಅಂಚಿಗೆ ಒಂದು ಹನಿ ಬಿಟ್ಟಳು. ಕಾದಳು. ಇನ್ನೊಂದು ಹನಿ. ಆ ಉರಿಗೆ ಹಾವು ಬಾಯಿ ಬಿಟ್ಟಿತು. ಬಾಲದ ತುದಿಯಿಂದ ಅವಳು ಒಂದೊಂದೇ ಸುತ್ತು ಬಿಡಿಸಿ, ಪ್ಲಾಸ್ಟರ್ ಕೈಯ ಮೇಲೆ ಅದರ ಮೈ ಹೊತ್ತು ಒಳಗೆ ಬಿಟ್ಟು, ಬೀಗ ಹಾಕಿದಳು.

ಅರ್ಧಚಂದ್ರಾಕಾರದಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ರಕ್ತ ಮೊಣಕೈವರೆಗೆ ಹರಿದಿತ್ತು. ಸೋಪು ಹಚ್ಚಿ ತೊಳೆಸುತ್ತಾ ಅಕ್ಕ ಅಂದದ್ದು: "ಇಲಿ ವಾಸನಿ ಕೈಗೆ ಇರ್ತದ. ಉಂಡ ಮ್ಯಾಲ ಎರಡು ದಿನ ಅದನ್ನ ಮುಟ್ಟಬಾರದು. ಈಗ ಗಾಬರಿ ಆಗೇದ, ಉಂಡದ್ದು ಕಾರಿಕೊಂಡ್ರ ಏನು ಗತಿ ಪಾಪ?"

"ಪಾಪ? ಅದಕ್ಕ ಪಾಪ?" ನನಗೆ ತಡೆಯಲಾಗಲಿಲ್ಲ. "ನನ್ನ ರಕ್ತ ಹೋಗ್ಲಿಕತ್ತದ, ನೀ ಹಾವಿನ ಹೊಟ್ಟಿ ಚಿಂತಿ ಮಾಡ್ತಿ! ಒಂದು ವರ್ಷ ಮುಚ್ಚಿಟ್ಟೀ. ನಾ ಯಾರು ನಿನಗ?"

ಅಕ್ಕ ನಲ್ಲಿ ನಿಲ್ಲಿಸಿದಳು. ಟವೆಲ್ಲಿನಿಂದ ನನ್ನ ಕೈ ಒತ್ತಿ ಹಿಡಿದಳು.

"ಹೇಳಿದ್ರ ನೀವೆಲ್ಲ ಸೇರಿ ಇದನ್ನ ಕಳಸ್ತಿದ್ರಿ. ಮುಂಜಾನೆ ಎದ್ರ ಈ ಮನ್ಯಾಗ ನನ್ನ ಬಿಟ್ಟು ಉಸಿರಾಡೋದು ಅದೊಂದ."

ಟೆಟನಸ್ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರಮ್ಮ ನಾಯಿ ಕಚ್ಚಿತೇ ಎಂದು ಕೇಳಿದಳು. ನಮ್ಮಕ್ಕನ ಹೆಬ್ಬಾವು ಎಂದೆ. ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟು, ಸೆರಗು ಹೊದ್ದು ಪಕ್ಕದಲ್ಲಿ ಕುಳಿತಿದ್ದ ಅಕ್ಕನನ್ನು ಆಕೆ ತುಸು ಹೊತ್ತು ನೋಡಿ, ಬರೆದುಕೊಳ್ಳುವುದನ್ನೇ ಮರೆತಳು.

ಹಾವು ಕಾರಿಕೊಳ್ಳಲಿಲ್ಲ. ಭಾನುವಾರ ಅಕ್ಕ ನನ್ನನ್ನು ಏಜ್ಡ್ ಕೇರ್‌ಗೆ ಕರೆದುಕೊಂಡು ಹೋದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಆ ಮುದುಕಿ ಇದ್ದಳು, ಅರ್ಧ ಮುಖ ಜೋತುಬಿದ್ದಿತ್ತು. ಅಕ್ಕನ ಹೆಸರು ಅವಳಿಗೆ ನೆನಪಾಗಲಿಲ್ಲ. "ಉಂಡಿತಾ?" ಎಂದಷ್ಟೇ ತೊದಲುತ್ತಾ ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕ ಉಂಡಿತು ಎಂದು ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಮುದುಕಿಯ ಕಣ್ಣು ಅಲ್ಲಿಂದ ನನ್ನ ಕೈಯ ಪಟ್ಟಿಯ ಮೇಲೆ ಬಂದು ನಿಂತಿತು.

"ಕೈ ಒಳಗೆ ಹಾಕಿದೆಯಾ?"

ಹೌದು ಎಂದೆ. ಅವಳು ನಕ್ಕಳು, ಸದ್ದಿಲ್ಲದೆ, ಭುಜ ಕುಲುಕುವಂತೆ. ನಗುತ್ತಾ ಕಣ್ಣಲ್ಲಿ ನೀರು ಬಂತು. ಆಮೇಲೆ ಚೆನ್ನಾಗಿರುವ ಕೈಯನ್ನು ಮಗುಚಿ ಹೆಬ್ಬೆರಳಿನ ಬುಡ ತೋರಿಸಿದಳು. ಅಲ್ಲೂ ಸಣ್ಣ ಬಿಳಿ ಚುಕ್ಕೆಗಳ ಸಾಲಿತ್ತು.

ಹೊರಡುವ ಹಿಂದಿನ ದಿನ, ಟ್ರ್ಯಾಮಿನಲ್ಲಿ ಬರುವಾಗ, ಅಕ್ಕ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ಈ ಹಾವು ಇನ್ನೂ ಇಪ್ಪತ್ತು ವರ್ಷ ಇದ್ರೂ ಇರ್ತದಂತ. ನಾ ಇರಂಗಿಲ್ಲ. ನನಗೇನರ ಆದ್ರ ನೀ ತಗೋತೀ ಏನು?"

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಹಾವಿನ ಮಾತಿಗೋ, ಅವಳು ಇರುವುದಿಲ್ಲ ಎಂದ ಮಾತಿಗೋ ಈಗಲೂ ಹೇಳಲಾರೆ. "ಸಿಡ್ನಿ ಬ್ಯಾರೆ ಸ್ಟೇಟ್, ಹಾವು ಒಯ್ಯಾಕ ಬಿಡಂಗಿಲ್ಲ," ಎಂದೆ, ಬಾಯಿಗೆ ಬಂದದ್ದನ್ನು.

"ಪರ್ಮಿಟ್ ಸಿಗ್ತದ. ಕೇಳೀನಿ."

"ನಮ್ಮನಿಯವ್ರನ್ನ ಕೇಳಿ ಹೇಳ್ತೀನಿ."

ಸಿಡ್ನಿಗೆ ಬಂದ ಮೇಲೂ ಆ ಮಾತು ಹಲವು ದಿನ ನನ್ನ ಬಾಯಿಂದ ಹೊರಡಲಿಲ್ಲ. ಅಕ್ಕನ ಪ್ಲಾಸ್ಟರ್ ಬಿಚ್ಚಿದರು, ತಾನೇ ಉಣಿಸಿದೆನೆಂದು ಫೋಟೋ ಕಳಿಸಿದಳು. ಆ ದಿನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರ ಕೈಯ ಚಪಾತಿ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ನೀನು ಏನಂದಿ?"

"ಇನ್ನೂ ಏನೂ ಅಂದಿಲ್ಲ. ಹೂಂ ಅನ್ನಬೇಕು ಅಂತೀನಿ."

ಅವರು ಚಪಾತಿ ತಟ್ಟೆಯಲ್ಲಿಟ್ಟರು. ನನ್ನನ್ನು, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮೊದಲ ಸಲ ಕಂಡವರ ಹಾಗೆ ನೋಡಿದರು.

"ಎಷ್ಟು ಉದ್ದ ಅದ ಅದು?" ಎಂದು ಕೇಳಿದರು.

ನಾನು ಎರಡೂ ತೋಳು ಚಾಚಿ ತೋರಿಸಿದೆ. ಸಾಲಲಿಲ್ಲ.