ಗೀರಿಲ್ಲದ ಬಂಡೆಗಳು

ಕೂಡ್ಲಿಗಿಯ ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಕಲಿಸಿದ ಮೇಷ್ಟ್ರು ಹಿಮನದಿಯ ಪಾಠದ ದಿನ ಒಂದು ಟಿಫಿನ್ ಡಬ್ಬಿ ತರುತ್ತಿದ್ದರು. ಅದರಲ್ಲಿ ಸಣ್ಣ ಜಲ್ಲಿ ಹಾಕಿ, ಐಸ್‌ಕ್ಯಾಂಡಿ ಅಂಗಡಿಯಲ್ಲಿ ಗಟ್ಟಿಮಾಡಿಸಿದ ಐಸು ಇರುತ್ತಿತ್ತು. ಅದನ್ನು ಇಟ್ಟಿಗೆಯ ಮೇಲೆ ಒತ್ತಿ ಎಳೆದರೆ ಉದ್ದುದ್ದ ಗೀರು ಬೀಳುತ್ತಿತ್ತು.

“ಐಸು ಗುಡ್ಡ ಕೆರೆಯಂಗಿಲ್ಲ, ಅದರ ಹೊಟ್ಟ್ಯಾಗಿನ ಕಲ್ಲು ಕೆರೀತಾವ. ನನ್ನ ಮಾತು ನಂಬಬ್ಯಾಡ್ರಿ, ಗೀರು ನೋಡ್ರಿ” ಎನ್ನುತ್ತಿದ್ದರು. ಆಮೇಲೆ ಕಿಟಕಿಯಾಚೆ ಕೈ ತೋರಿಸಿ, ನಮ್ಮ ಗುಡ್ಡದ ದುಂಡು ಬಂಡೆಗಳನ್ನೂ ಹಿಮನದಿಯೇ ಹೊತ್ತು ತಂದದ್ದು ಎಂದು ಪಾಠ ಮುಗಿಸುತ್ತಿದ್ದರು.

ಹೋದ ವರ್ಷ ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಕ್ಷೇಮ ಕೇಳುವ ಮೊದಲೇ ಶುರು ಮಾಡಿದರು.

“ನಿಮಗ ತಪ್ಪು ಹೇಳಿಬಿಟ್ಟಿದ್ದೆ ನೋಡಮ್ಮ. ರಿಟೈರ್ ಆದಮ್ಯಾಗ ಗುಡ್ಡ ಹತ್ತಿ ಹುಡುಕಿದೆ. ಒಂದು ಕಲ್ಲಿನ ಮ್ಯಾಲೂ ಗೀರಿಲ್ಲ. ಅವು ಎಲ್ಲಿಂದಲೂ ಬಂದಿಲ್ಲ, ಬಿಸಿಲಿಗೆ ಮಳಿಗೆ ಸವೆದು ಅಲ್ಲೇ ದುಂಡಗಾಗ್ಯಾವ.”

ಜೇಬಿನಿಂದ ನಮ್ಮ ತರಗತಿಯವರ ಹೆಸರಿನ ಪಟ್ಟಿ ತೆಗೆದರು; ಆಗಲೇ ಹಲವು ಹೆಸರುಗಳಿಗೆ ಗೀಟು ಬಿದ್ದಿತ್ತು. ನನ್ನ ಹೆಸರಿನ ಮೇಲೂ ಗೀಟು ಎಳೆದರು.

“ನಾನೂ ಈಗ ಅರಸೀಕೆರಿಯಾಗ ಟೀಚರ್ ಅದೀನಿ ಸರ್. ನನ್ನ ಹುಡುಗ್ರಿಗೂ ಆ ತಪ್ಪನ್ನೇ ಹೇಳ್ಕೊಂಡು ಬಂದೀನಿ” ಎಂದೆ.

ಮೇಷ್ಟ್ರು ಪಟ್ಟಿಯನ್ನು ಮಗುಚಿ, ಖಾಲಿ ಬದಿಯನ್ನು ಪೆನ್ನಿನ ಸಮೇತ ನನ್ನ ಮುಂದೆ ಹಿಡಿದರು.

“ಅವರ ಹೆಸರೂ ಬರಿಯಮ್ಮ.”