ಸತ್ತಿದೆ ಎಂದಿದ್ದ ಪೋರ್ಟು

ಶಿಗ್ಗಾವಿಯಲ್ಲಿ ನನ್ನದೊಂದು ರೇಡಿಯಂ ಅಂಗಡಿಯಿದೆ. ಟ್ರ್ಯಾಕ್ಟರು, ಟ್ರೇಲರು, ಆಟೋಗಳ ಮೇಲೆ ಅಂಟಿಸುವ ಹೊಳೆಯುವ ಅಕ್ಷರಗಳನ್ನು ಕತ್ತರಿಸಿ ಕೊಡುವುದು ನನ್ನ ಕಸುಬು. ಕತ್ತರಿಸುವ ಮಷಿನ್ನು ಹಳೆಯದು, ಅದನ್ನು ನಡೆಸುವ ಕಂಪ್ಯೂಟರು ಇನ್ನೂ ಹಳೆಯದು. ಕಂಪ್ಯೂಟರಿನ ಬೆನ್ನಿಗಿರುವ ಪ್ಯಾರಲಲ್ ಪೋರ್ಟ್ ಎಂಬ ಅಗಲ ಬಾಯಿಗೆ ದಪ್ಪ ಕೇಬಲ್ಲು ಸಿಕ್ಕಿಸಿದರೆ ಮಾತ್ರ ಮಷಿನ್ನು ಅಲುಗುತ್ತದೆ. ಈಗಿನ ಕಂಪ್ಯೂಟರುಗಳಿಗೆ ಆ ಬಾಯಿಯೇ ಇಲ್ಲ. ಅದು ಕೆಟ್ಟರೆ ನನ್ನ ಅಂಗಡಿ ಮುಚ್ಚಿದಂತೆಯೇ.

ಅಂಗಡಿಯನ್ನು ಗೆಳೆಯನ ಜೊತೆ ಸೇರಿ ತೆರೆದಿದ್ದೆ. ಆಮೇಲೆ ಅವನು ಹತ್ತಿರದ ತಡಸ ಊರಿನಲ್ಲಿ ಹೊಸ ಮಷಿನ್ನು ಹಾಕಿ ದೊಡ್ಡ ಅಂಗಡಿ ಮಾಡಿಕೊಂಡ. ಜಗಳವೇನೂ ಆಗಲಿಲ್ಲ. ಇಲ್ಲಿಯ ಇನ್ನೊಂದು ಕೀಲಿಕೈ ಅವನ ಹತ್ತಿರವೇ ಉಳಿಯಿತು, ವಾಪಸು ಕೇಳುವುದು ಸಣ್ಣತನ ಅನಿಸಿತ್ತು. ಸಿಕ್ಕಾಗೆಲ್ಲ ನೀನೂ ಬಾ, ಜೊತೆಗೇ ಇರೋಣ ಎನ್ನುತ್ತಿದ್ದ. ನಾನು ನಕ್ಕು ಜಾರಿಕೊಳ್ಳುತ್ತಿದ್ದೆ. ಇನ್ನೊಬ್ಬರ ಅಂಗಡಿಯಲ್ಲಿ ಕೈಕಟ್ಟಿ ನಿಲ್ಲುವುದು ನನ್ನ ಜಾಯಮಾನವಲ್ಲ.

ಮುಂಗಾರಿಗೆ ಮುಂಚೆ ಹುಲಗೂರಿನ ಅಣ್ಣತಮ್ಮಂದಿರು ಹೊಸ ಟ್ರೇಲರು ತಂದರು. ಹಿಂದಿನ ತಗಡಿನ ಮೇಲೆ ಎಲ್ಲರ ಹೆಸರೂ ವಯಸ್ಸಿನ ಪ್ರಕಾರ ಬರಬೇಕು, ಬಂದ ಮೇಲೆಯೇ ಪೂಜೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಮಷಿನ್ನಿಗೆ ಹೆಸರು ಕಳಿಸಿದರೆ ಅದು ಗಪ್ಪಗೆ ಕೂತಿತ್ತು. ಕೇಬಲ್ಲು ಬದಲಿಸಿದೆ, ಪಿನ್ನು ಒರೆಸಿದೆ, ಬೈದೂ ನೋಡಿದೆ. ಪರದೆಯ ಮೂಲೆಯಲ್ಲಿ ಗಡಿಯಾರವೂ ಕಾಲು ಗಂಟೆ ಮುಂದಿತ್ತು. ಅದರ ಕಡೆ ಗಮನ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗೆಳೆಯನಿಗೆ ಫೋನು ಮಾಡಿದೆ. ಕೂಡಲೇ ಬಂದ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗೆ ಮೂಗಿಟ್ಟು ಮೂಸಿ, ಸಂಕಟದ ಮುಖ ಮಾಡಿದ.

"ಪೋರ್ಟ್ ಸತ್ತೈತಿ ದೋಸ್ತ. ಇನ್ನ ಇದರಾಗ ಏನೂ ಇಲ್ಲ. ನನ್ನ ಕಡೆ ಬಂದ್ಬಿಡು."

ನಂಬಿದೆ. ಅವನ ಮಾತಿಗೆ ಎದುರು ಪರೀಕ್ಷೆ ಮಾಡುವುದು ನನಗೆ ಹೊಳೆಯಲೇ ಇಲ್ಲ. ಹೆಸರುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ತಡಸಕ್ಕೆ ಹೋದೆ. ಅವನ ಅಂಗಡಿಯಲ್ಲಿ ಸರದಿಗೆ ಕಾಯುತ್ತ ಕೂತಿದ್ದಾಗ ಗಿರಾಕಿಯೊಬ್ಬ ನನ್ನನ್ನು ಆಳು ಎಂದು ತಿಳಿದು ನೀರು ತರಲು ಹೇಳಿದ. ಗೆಳೆಯ ಕೇಳಿಸಿಕೊಂಡೂ ಮಷಿನ್ನಿನ ಕಡೆ ತಿರುಗಿದ. ನಾನೇ ಎದ್ದು ನೀರು ಕೊಟ್ಟೆ.

ಕೊಟ್ಟು ತಿರುಗಿದಾಗ ಅವನ ಗೋಡೆ ಗಡಿಯಾರ ಕಂಡಿತು. ಅದೂ ಕಾಲು ಗಂಟೆ ಮುಂದೆ. ಬಸ್ಸು ತಪ್ಪಬಾರದೆಂದು ನಮ್ಮ ಕಡೆ ಗಡಿಯಾರ ಮುಂದಿಡುವವರು ಬಹಳ. ಅವನಿಗಂತೂ ಅದು ಚಟ. ನನ್ನ ಅಂಗಡಿಯಲ್ಲಿದ್ದಾಗ ಕಂಪ್ಯೂಟರಿನದನ್ನೂ ಬಿಡುತ್ತಿರಲಿಲ್ಲ, ಅವನು ಮುಂದೆ ಮಾಡುವುದು, ನಾನು ಸರಿಮಾಡುವುದು ನಡೆದೇ ಇತ್ತು. ಅವನು ಹೋದಮೇಲೆ ಅದು ಸರಿಯಾಗಿಯೇ ಓಡಿತ್ತು.

ಸರದಿ ಬಿಟ್ಟು ಶಿಗ್ಗಾವಿಗೆ ಮರಳಿ ಕಂಪ್ಯೂಟರು ಹಚ್ಚಿ, ಅದು ಏಳುವ ಮೊದಲೇ ಡಿಲೀಟ್ ಗುಂಡಿ ಒತ್ತಿ ಸೆಟ್ಟಿಂಗುಗಳ ನೀಲಿ ಪರದೆಗೆ ಹೋದೆ. ನಾವು ಗಡಿಯಾರ ತಿದ್ದುತ್ತಿದ್ದದ್ದು ಅಲ್ಲಿಯೇ. ಕೆಳಗೆ ಸರಿಸುತ್ತ ಹೋದರೆ ಪ್ಯಾರಲಲ್ ಪೋರ್ಟಿನ ಎದುರು 'ಡಿಸೇಬಲ್ಡ್' ಎಂದಿತ್ತು. ಸತ್ತಿರಲಿಲ್ಲ. ಯಾರೋ ಕೈಯಾರೆ ಬಂದ್ ಮಾಡಿದ್ದರು. ಇನ್ನೊಂದು ಕೀಲಿಕೈಯಿಂದ ಬಾಗಿಲು ತೆರೆದು ಬಂದ್ ಮಾಡಿದ ಕೈ ಅಭ್ಯಾಸಬಲದಿಂದ ಗಡಿಯಾರವನ್ನೂ ಮುಂದೆ ತಳ್ಳಿತ್ತು. ನನಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು, ಅವನ ಪರವಾಗಿ.

ಪೋರ್ಟು ಚಾಲೂ ಮಾಡಲು ಮೊದಲು ಒಂದು ಆಯ್ಕೆ ಇಟ್ಟೆ, ಬ್ಲೇಡು ಹುಚ್ಚುಗೀಟು ಎಳೆಯಿತು. 'ನಾರ್ಮಲ್' ಇಟ್ಟೆ. ಹಿರಿಯಣ್ಣನ ಹೆಸರು ಮುದ್ದಾಗಿ ಮೂಡಿತು.

ಸಂಜೆ ಗೆಳೆಯ ಬಂದ. ಮಷಿನ್ನಿನ ಸದ್ದು ಕೇಳಿ ಹೊಸ್ತಿಲಲ್ಲೇ ನಿಂತ. ಗಡಿಯಾರದ ಮಾತಷ್ಟೇ ಹೇಳಿದೆ. ಅವನು ಅಲ್ಲಗಳೆಯಲಿಲ್ಲ.

"ಹಂಗರ ನೀ ಬರ್ತೀ ಅಂತ ಮಾಡೇನಿ. ನಿನ್ನ ಬಿಟ್ಟ ಅಲ್ಲಿ ಮನಸ ಹತ್ತವಲ್ದು."

ಕದ್ದಿದ್ದರೆ ಬೈದು ಮುಗಿಸುತ್ತಿದ್ದೆ. ಇವನು ಪ್ರೀತಿಯ ಹೆಸರಿನಲ್ಲಿ ನನ್ನ ಅನ್ನಕ್ಕೆ ಕೈಹಾಕಿದ್ದ. ಮೋಸವೇ ಅದು, ಬೇರೆ ಮಾತಿಲ್ಲ. "ನಾ ನೀರ ಕೊಟ್ಟಾಗರ ಇವ ಆಳಲ್ಲ, ನನ್ನ ದೋಸ್ತ ಅಂತ ಹೇಳಬೇಕಿತ್ತು ನೀ," ಎಂದು ಕೀಲಿಕೈಗೆ ಕೈಚಾಚಿದೆ.

ಅವನು ತನ್ನ ಮನೆಯ ಕೀಲಿಕೈ ಜೊತೆಗಿದ್ದ ನನ್ನ ಅಂಗಡಿಯದನ್ನು ಬಿಡಿಸಿ ಟೇಬಲ್ಲಿನ ಮೇಲಿಟ್ಟ. ಬ್ಯಾಡ ಇಟ್ಟುಕೋ ಎಂದು ನಾನು ಅನ್ನುತ್ತೇನೇನೋ ಎಂದು ನನ್ನ ಮುಖ ನೋಡಿದ. ನಾನು ಮುಂದಿನ ತಮ್ಮನ ಹೆಸರು ಮಷಿನ್ನಿಗೆ ಕಳಿಸಿದೆ.